ತುಟಿ ಎತ್ತಿದರೆ ಕ್ಲಾಂಪ್ ಸಡಿಲ

ಕಳಚಿಹೋದದ್ದು ಏನೇ ಇರಲಿ, ಕೂಡಿಸಬಲ್ಲೆ ಎಂಬುದು ಬಡಗಿ ಮೇಸ್ತ್ರಿಯ ಹೆಮ್ಮೆ. ಹಾಗಾಗಿ ಹಲ್ಲಿನ ಡಾಕ್ಟರಮ್ಮ ತನ್ನದೇ ಒಸಡು ಸೀಳಿ, ಮುಂದಿನ ಹಲ್ಲಿನ ಕೀವುಗಟ್ಟಿದ ಬೇರುತುದಿಯನ್ನು ಕತ್ತರಿಸಿ, ಹೊಲಿಗೆ ಹಾಕಿ ಕಳಿಸಿದಾಗಲೂ ಆತ ಎದೆಗುಂದಲಿಲ್ಲ. ದವಡೆಯ ಮೂಳೆಯಲ್ಲಿ ಬಟಾಣಿಯಷ್ಟು ಗುಳಿಯಿದೆ, ತುಂಬಲು ಆರು ತಿಂಗಳಾದರೂ ಬೇಕು, ಹೊಲಿಗೆ ಬಿಚ್ಚುವವರೆಗೆ ತುಟಿ ಎತ್ತಿ ನೋಡಲೇಬಾರದು ಎಂದು ಆಕೆ ಹೇಳಿದ್ದರು.

"ಆರು ತಿಂಗಳಾ? ನನ್ನ ಉಸ್ತುವಾರಿಯಲ್ಲಿ ಮೂರೇ ಸಾಕು," ಎಂದು ಮೇಸ್ತ್ರಿ ಊದಿದ ಮುಖದಲ್ಲೇ ಹೆಂಡತಿಗೆ ಸಾರಿದ.

ಉಸ್ತುವಾರಿ ಎಂದರೆ ಗಂಟೆಗೊಮ್ಮೆ ಕನ್ನಡಿಯ ಮುಂದೆ ನಿಂತು, ಟಾರ್ಚು ಹಿಡಿದು, ತುಟಿ ಮೇಲೆತ್ತಿ ಕಾಮಗಾರಿ ಪರಿಶೀಲಿಸುವುದು! ಹೆಂಡತಿ ಬೇಡವೆಂದಳು, ಗದರಿದಳು, ಟಾರ್ಚನ್ನು ಬಚ್ಚಿಟ್ಟಳು. ಮೇಸ್ತ್ರಿ ಕಿಟಕಿಯ ಬೆಳಕಿಗೆ ಹೋದ. ಮೂರನೆಯ ದಿನ ಹೊಲಿಗೆ ಪಟ್ಟೆಂದು ಕಿತ್ತುಬಂದು, ಬೇಸಿನ್ ಕೆಂಪಾಯಿತು. ಡಾಕ್ಟರಮ್ಮ ಮತ್ತೆ ಹೊಲಿದು, ಇನ್ನೊಮ್ಮೆ ಹೀಗಾದರೆ ಹಲ್ಲಿನ ಆಸೆ ಬಿಡಿ ಎಂದರು.

ಮೇಸ್ತ್ರಿಗೆ ನಿಜವಾಗಿಯೂ ಭಯವಾಯಿತು. ಮುಂದಿನ ಹಲ್ಲು ಹೋದರೆ ನಗುವೂ ಹೋದಂತೆ, ಗಿರಾಕಿಗಳನ್ನು ಒಲಿಸುವುದೇ ಆ ನಗು. ಆದರೂ ಮನೆಗೆ ಬಂದ ಅರ್ಧ ಗಂಟೆಗೆ ಕೈ ತಾನಾಗಿಯೇ ತುಟಿಗೆ ಹೋಯಿತು. ಹೆಂಡತಿ ನೋಡಿದಳು. ನೇರ ಹಿತ್ತಲಿನ ಕೆಲಸದ ಕೊಠಡಿಗೆ ನಡೆದಳು.

ಅಲ್ಲಿಂದ ಕಿರ್ರ್ ಎಂಬ ಸದ್ದು ಬಂತು. ಮೇಸ್ತ್ರಿ ಓಡಿದ. ಅಂದು ಬೆಳಿಗ್ಗೆಯಷ್ಟೇ ತಾನು ಅಂಟು ಹಚ್ಚಿಟ್ಟಿದ್ದ ಗಿರಾಕಿಯ ಕುರ್ಚಿಯಿಂದ, ಜೋಡಣೆ ಅಲುಗದಂತೆ ಬಿಗಿಹಿಡಿದಿದ್ದ ಕ್ಲಾಂಪನ್ನು ಆಕೆ ತಿರುಗಿಸಿ ಬಿಚ್ಚುತ್ತಿದ್ದಳು!

"ಅಯ್ಯೋ, ಏನೇ ಮಾಡ್ತಿದ್ದೀಯ? ಅಂಟು ಇನ್ನೂ ಹಸಿ ಇದೆ!"

"ಕೂಡಿದೆಯೋ ಇಲ್ಲವೋ ಅಂತ ನೋಡ್ತಿದ್ದೀನಿ. ನೀವು ತುಟಿ ಎತ್ತಿದಾಗಲೆಲ್ಲ ನಾನೂ ಒಂದು ಕ್ಲಾಂಪ್ ಬಿಚ್ಚಿ ನೋಡ್ತೀನಿ."

ಮೇಸ್ತ್ರಿ ಅಂಟಿನ ಡಬ್ಬಿ ಎತ್ತಿಕೊಂಡ. ಇಪ್ಪತ್ತು ವರ್ಷ ಕೆಲಸ ಕಲಿಯಲು ಬಂದವರಿಗೆಲ್ಲ ಅಂಟು ಒಣಗುವ ತನಕ ಮುಟ್ಟಬೇಡಿ ಎಂದು ಬೈದವನು ತಾನೇ. ಕುರ್ಚಿಯ ಸಡಿಲವಾದ ಕಾಲನ್ನು ಮತ್ತೆ ಅಂಟಿಸುತ್ತ, ಎಂಥ ತಲೆ ಇವಳದು ಎಂದು ಮನಸಾರೆ ಮೆಚ್ಚಿದ. ಅಂದಿನಿಂದ ಎರಡೂ ಕೈ ಜೇಬಿನಲ್ಲಿ. ಮೆತ್ತಗಿನ ಊಟ, ಹೊತ್ತಿಗೆ ಸರಿಯಾಗಿ ಮಾತ್ರೆ, ಸಿಗರೇಟಿನ ಪ್ಯಾಕೆಟ್ಟು ನೇರ ಕಸದ ಬುಟ್ಟಿಗೆ.

ಏಳನೆಯ ತಿಂಗಳು ಡಾಕ್ಟರಮ್ಮ ಎಕ್ಸ್‌ರೇ ತೋರಿಸಿದರು. ಕಪ್ಪು ಗುಳಿಯಿದ್ದಲ್ಲಿ ಬೆಳ್ಳಗೆ ಮೂಳೆ ತುಂಬಿತ್ತು, ಒಂದು ಸಂದಿಲ್ಲ, ಒಂದು ಗೆರೆಯಿಲ್ಲ. ಮೇಸ್ತ್ರಿಯ ಕಣ್ಣುಗಳು ತೇವಗೊಂಡವು. ಇಷ್ಟು ನಾಜೂಕಿನ ಜೋಡಣೆ ತನ್ನ ಕೈಯಿಂದ ಒಮ್ಮೆಯೂ ಆಗಿಲ್ಲ ಎಂದು ಒಪ್ಪಿಕೊಂಡ. ಆದರೂ ಹಳೆಯ ಹೆಮ್ಮೆ ಮೆಲ್ಲಗೆ ತಲೆ ಎತ್ತಿತು.

"ಇದರಲ್ಲಿ ನನ್ನ ಪಾಲೂ ಇದೆ, ಅಲ್ವಾ ಡಾಕ್ಟರಮ್ಮ?"

ಉತ್ತರ ಕೊಟ್ಟದ್ದು ಹೆಂಡತಿ. "ಇದೆ. ನೀವು ಕೈ ಹಾಕದೆ ಸುಮ್ಮನಿದ್ರಿ, ಅದಕ್ಕೇ ಸರಿಹೋಯ್ತು. ಮನೆಗೆ ಹೋದಮೇಲೆ, ನೀವು ಒಂದು ವರ್ಷದಿಂದ ರಿಪೇರಿ ಮಾಡ್ತಾ ಇರೋ ಆ ಅಡುಗೆಮನೆ ನಲ್ಲಿಗೂ ಇದೇ ಚಿಕಿತ್ಸೆ ಕೊಡಿ."