ಕೊನೆಯ ಗುಂಡಿಯ ಬಾಚಣಿಗೆ

ಅಷ್ಟೆಲ್ಲ ರಾದ್ಧಾಂತಕ್ಕೂ ಕಾರಣ ಮಾಲಿಯ ಟೊಮೆಟೊ ಗಿಡಗಳು. ನೆಟ್ಟಗೆ ನಿಲ್ಲಲಾಗದೆ ಅವು ಒಂದರ ಮೇಲೊಂದು ಬೀಳುತ್ತಿದ್ದವು. ಶಾಲೆಯ ಹಿತ್ತಲಲ್ಲಿ ಯಾರೋ ಸಾಲಾಗಿ ನೆಟ್ಟ ಕಡ್ಡಿಗಳು ಮಾಲಿಯ ಕಣ್ಣಿಗೆ ಬಿದ್ದವು. ಕಿತ್ತ, ಗಿಡಕ್ಕೆ ಕಟ್ಟಿದ, ಮರೆತ.

ಆ ಕಡ್ಡಿಗಳು ವಿಜ್ಞಾನದ ಮೇಷ್ಟ್ರವು. ಮಕ್ಕಳು ಬೆನ್ನ ಹಿಂದೆ ಅವರನ್ನು ‘ಕಸದ ಮೇಷ್ಟ್ರು’ ಎನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು. ವರ್ಷದ ಮೊದಲಲ್ಲಿ ಇಡೀ ತರಗತಿಯನ್ನು ಹಿತ್ತಲಿಗೆ ಕರೆದೊಯ್ದು ಹಣ್ಣಿನ ಸಿಪ್ಪೆ, ಹಳೇ ಪೇಪರು, ತೂತುಬಿದ್ದ ಕಾಲುಚೀಲ, ಪ್ಲಾಸ್ಟಿಕ್ ಕವರು ಎಂದು ಒಂದೊಂದು ಕಸವನ್ನು ಒಂದೊಂದು ಗುಂಡಿಯಲ್ಲಿ ಹೂಳಿಸಿ, ಗುರುತಿಗೆ ಕಡ್ಡಿ ನೆಡಿಸಿದ್ದರು. ವರ್ಷದ ಕೊನೆಗೆ ಅಗೆದು ಯಾವುದು ಕೊಳೆತಿದೆ, ಯಾವುದು ಹಾಗೇ ಕೂತಿದೆ ಎಂದು ನೋಡುವ ಪಾಠ ಅದು.

ಇವತ್ತು ಅಗೆಯುವ ದಿನ. ಮೇಷ್ಟ್ರು ತಿಂಡಿಯನ್ನೂ ತಿನ್ನದೆ ಬಂದಿದ್ದರು. ಅವರ ಜೀವವೆಲ್ಲ ಕೊನೆಯ ಗುಂಡಿಯಲ್ಲಿತ್ತು.

ಅದರೊಳಗೆ ಒಂದು ಬಾಚಣಿಗೆ. “ಮನೇಲಿ ಹಳೇದೊಂದು ಬಾಚಣಿಗೆ ಇದ್ರೆ ಕೊಡೇ, ಮಕ್ಕಳ ಪಾಠಕ್ಕೆ” ಎಂದು ಅಂದು ಕೇಳಿದಾಗ ಹೆಂಡತಿ ಪೇಪರಿನಲ್ಲಿ ಸುತ್ತಿ, ದಾರ ಬಿಗಿದು ಕೊಟ್ಟಿದ್ದಳು. ಕೊಡುವಾಗ ಬಾಯಿಗೆ ಕೈ ಅಡ್ಡ ಹಿಡಿದು ಯಾಕೋ ನಕ್ಕಿದ್ದಳು. ಇವರು ಬಿಚ್ಚಿಯೂ ನೋಡದೆ ಹೂಳಿಸಿದ್ದರು. ಆಮೇಲೆ ಅವಳು ಕಾಯಿಲೆ ಬಿದ್ದಳು, ಆಸ್ಪತ್ರೆ ಸೇರಿದಳು, ತಿರುಗಿ ಬರಲಿಲ್ಲ.

ತಮ್ಮನನ್ನು ನೋಡಿಕೊಳ್ಳಲು ಬಂದ ಅಕ್ಕ, “ಕಣ್ಣೆದುರಿಗೆ ಇದ್ರೆ ತಾನೇ ಅಳು ಬರೋದು” ಎಂದು ಸತ್ತವಳ ಬಟ್ಟೆಬರೆ, ಚಪ್ಪಲಿ, ದಿಂಬು ಎಲ್ಲವನ್ನೂ ಸಾಗಹಾಕಿದಳು. ಅಕ್ಕನ ಮನಸ್ಸು ಒಳ್ಳೆಯದೇ. ಆದರೆ ಮೇಷ್ಟ್ರ ಪಾಲಿಗೆ ಭೂಮಿಯ ಮೇಲೆ ಹೆಂಡತಿಯದು ಎಂದು ಏನೂ ಉಳಿಯಲಿಲ್ಲ. ಭೂಮಿಯೊಳಗೆ ಮಾತ್ರ ಒಂದು ಬಾಚಣಿಗೆ ಇತ್ತು. ಪ್ಲಾಸ್ಟಿಕ್ ಕೊಳೆಯುವುದಿಲ್ಲ, ಕೂದಲೂ ಅಷ್ಟು ಬೇಗ ಕೊಳೆಯುವುದಿಲ್ಲ. ಪಾಠ ಮಾಡಿದವರು ಅವರೇ. ಬಾಚಣಿಗೆಯ ಹಲ್ಲಿನ ಸಂದಿಯಲ್ಲಿ ಅವಳ ಒಂದೇ ಒಂದು ಎಳೆ ಸಿಕ್ಕರೂ ಸಾಕು ಎಂಬ ಆಸೆಯನ್ನು ಅವರು ಯಾರ ಬಳಿಯೂ ಬಾಯಿಬಿಟ್ಟಿರಲಿಲ್ಲ.

ಹಿತ್ತಲಿಗೆ ಬಂದು ನೋಡಿದರೆ ಒಂದೂ ಕಡ್ಡಿ ಇಲ್ಲ. ನೆಲ ಬೋಳಾಗಿ ಮಲಗಿತ್ತು. ಮೇಷ್ಟ್ರು ಮಾಲಿಯನ್ನು ಕೂಗಿ ಕಡ್ಡಿಗಳೆಲ್ಲಿ ಎಂದು ಕೇಳಿದರು.

“ಅಯ್ಯೋ, ಅವು ನಿಮ್ಮವಾ ಸಾರ್?” ಎಂದ ಮಾಲಿ. “ಯಾವ್ದನ್ನೂ ವೇಸ್ಟ್ ಮಾಡಬಾರ್ದು, ಇನ್ನೊಂದಕ್ಕೆ ಬಳಸ್ಬೇಕು ಅಂತ ನೀವೇ ಮೈಕಲ್ಲಿ ಹೇಳಿದ್ರಲ್ಲ! ಅದಕ್ಕೇ ಬಳಸ್ದೆ.”

ಮೇಷ್ಟ್ರ ಪಾಠ ಮೇಷ್ಟ್ರಿಗೇ ತಿರುಗಿ ಬಿದ್ದಿತ್ತು. ಅಷ್ಟರಲ್ಲಿ ಸಹಾಯ ಮಾಡುವವರು ಬಂದರು. ಸಹಾಯ ಬೇಡ ಎನ್ನುವಷ್ಟು ಹೊತ್ತನ್ನೂ ಅವರು ಕೊಡಲಿಲ್ಲ.

“ಒಂದು ಗುಂಡಿ ಸಿಕ್ಕಿದ್ರೆ ಸಾಕು ಸಾರ್, ಉಳಿದಿದ್ದೆಲ್ಲ ಬರೀ ಲೆಕ್ಕ” ಎಂದು ಗಣಿತದ ಮಿಸ್ ಟೇಪು ಬಿಚ್ಚಿದರು.

“ಲೆಕ್ಕ ಯಾಕ್ರೀ? ನಾನು ಕಣ್ಣಾರೆ ನೋಡಿದೀನಿ. ಆ ಗೋಡೆ ಪಕ್ಕದಲ್ಲೇ!” ಎಂದು ಡ್ರಿಲ್ ಮೇಷ್ಟ್ರು ಗುದ್ದಲಿ ಕಸಿದುಕೊಂಡರು.

ಮಿಸ್ಸಿನ ಲೆಕ್ಕ ಹೆಡ್‌ಮಿಸ್ಟ್ರೆಸ್ಸಿನ ಗುಲಾಬಿ ಗಿಡಗಳ ಬುಡಕ್ಕೆ ಹೋಗಿ ನಿಂತಿತು. ಡ್ರಿಲ್ ಮೇಷ್ಟ್ರ ಕಣ್ಣಾರೆ ಕಂಡದ್ದು ನೀರಿನ ಪೈಪಿಗೆ ಹೋಗಿ ತಗುಲಿತು. ನೀರು ಚಿಮ್ಮಿತು, ಮಕ್ಕಳು ಹೋ ಎಂದು ಕುಣಿದರು. ಏನು ಗಲಾಟೆ ಎಂದು ನೋಡಲು ಬಂದ ಹೆಡ್‌ಮಿಸ್ಟ್ರೆಸ್ ಮುಡಿಯಿಂದ ಅಡಿಯವರೆಗೆ ತೊಯ್ದರು.

“ಏನ್ರೀ ಇದು? ಪಾಠ ಮಾಡ್ತಿದೀರೋ, ಬಾವಿ ತೋಡ್ತಿದೀರೋ?”

“ಕೊನೆಯ ಗುಂಡಿ ಒಂದು ಸಿಕ್ಕಿದ್ರೆ ಸಾಕು, ಮೇಡಂ” ಎಂದರು ವಿಜ್ಞಾನದ ಮೇಷ್ಟ್ರು.

“ಅಂಥದ್ದೇನಿದೆ ಅದ್ರಲ್ಲಿ?”

“ಬಾಚಣಿಗೆ.”

ಹೆಡ್‌ಮಿಸ್ಟ್ರೆಸ್ ಮೇಷ್ಟ್ರ ತಲೆಯ ಕಡೆ ನೋಡಿದರು. ಆ ತಲೆಯಲ್ಲಿ ಕಿವಿಗಳ ಮೇಲೆ ಒಂದಿಷ್ಟು ಕೂದಲು ಬಿಟ್ಟರೆ ಉಳಿದದ್ದೆಲ್ಲ ಫಳಫಳ. ಮಕ್ಕಳು ಕಿಸಕ್ಕನೆ ನಕ್ಕರು.

“ಮುಚ್ಚಿ ಎಲ್ಲ! ನಾಳೆ ನಾನು ಬರೋ ಹೊತ್ತಿಗೆ ಪೈಪೂ ಸರಿಯಾಗಿರಬೇಕು, ಗುಲಾಬಿನೂ ಎದ್ದು ನಿಂತಿರಬೇಕು.”

ಮೇಷ್ಟ್ರು ಅದುವರೆಗೆ ಮೇಲಿನವರ ಮಾತಿಗೆ ಇಲ್ಲ ಎಂದವರಲ್ಲ. ಅಂದೂ ಇಲ್ಲ ಎನ್ನಲಿಲ್ಲ. ಸುಮ್ಮನೆ ಕೆಸರಿನಲ್ಲಿ ಮಂಡಿಯೂರಿ, ಬರಿಗೈಯಿಂದ ಮಣ್ಣು ಕೆದಕತೊಡಗಿದರು. ಮಕ್ಕಳ ನಗು ನಿಂತುಹೋಯಿತು. ದಿನವಿಡೀ ಏನಾದರೊಂದು ಕೇಳುತ್ತಲೇ ಇರುವುದರಿಂದ ‘ಪ್ರಶ್ನೆಪತ್ರಿಕೆ’ ಎಂದು ಹೆಸರಾಗಿದ್ದ ಹುಡುಗಿ, ಅವತ್ತು ಏನೂ ಕೇಳದೆ ಅವರ ಪಕ್ಕ ಕೂತು ತಾನೂ ಕೆದಕಿದಳು. ನೋಡನೋಡುತ್ತ ಇಡೀ ತರಗತಿ ಕೆಸರಿಗಿಳಿಯಿತು. ಹೆಡ್‌ಮಿಸ್ಟ್ರೆಸ್ ಒದ್ದೆ ಸೆರಗು ಹಿಂಡುತ್ತ ಒಳಗೆ ಹೋದರು.

ಮಧ್ಯಾಹ್ನದ ಗಂಟೆ ಹೊಡೆದ ಮೇಲೆ ಆ ಹುಡುಗಿಯ ಕೈಗೇ ಅದು ಸಿಕ್ಕಿತು. ಪೇಪರು ಮಣ್ಣಾಗಿತ್ತು. ನೈಲಾನ್ ದಾರ ಮಾತ್ರ ಬಿಗಿದ ಹಾಗೇ ಇತ್ತು. ಒಡೆದ ಪೈಪಿನ ನೀರಿಗೆ ಹಿಡಿದು ಮೇಷ್ಟ್ರು ತೊಳೆದರು.

ಅದು ಜೇಬಿನಲ್ಲಿಟ್ಟುಕೊಳ್ಳುವ ಪುಟ್ಟ ಬಾಚಣಿಗೆ. ತುದಿಯ ಹಲ್ಲು ಮುರಿದಿತ್ತು. ಡಬ್ಬಿಯ ಮುಚ್ಚಳ ಮೀಟಲು ಹೋಗಿ ಅದನ್ನು ಮುರಿದವರು ಸ್ವತಃ ಮೇಷ್ಟ್ರೇ. ಪೊಟ್ಟಣ ಹೂಳಿಸಿದ ಸಂಜೆಯೇ, ತಮ್ಮ ಈ ಬಾಚಣಿಗೆ ಕಾಣೆಯಾಯಿತೆಂದು ಮನೆ ತಲೆಕೆಳಗು ಮಾಡಿ, “ಎಲ್ಲಿಟ್ಟೆ? ಒಂದು ಸಾಮಾನೂ ಇಟ್ಟ ಕಡೆ ಇರಲ್ಲ ಈ ಮನೇಲಿ!” ಎಂದು ಹೆಂಡತಿಯ ಮೇಲೆ ಕೂಗಾಡಿದ್ದರು. “ಇರೋ ನಾಲ್ಕು ಕೂದಲಿಗೆ ಬೆರಳು ಸಾಲಲ್ವೇನ್ರೀ?” ಎಂದು ಅವಳು ನಕ್ಕಿದ್ದಕ್ಕೆ ಮರುದಿನದವರೆಗೂ ಮಾತು ಬಿಟ್ಟಿದ್ದರು. ಮಾತಾಡಬಹುದಾಗಿದ್ದ ಒಂದು ದಿನ ಹಾಗೆ ಸುಮ್ಮನೆ ಹಾಳಾಗಿತ್ತು.

ಹಲ್ಲಿನ ಸಂದಿಯಲ್ಲಿ ಕೂದಲೂ ಇತ್ತು. ಮೋಟು ಕೂದಲು. ಅರ್ಧ ಬಿಳುಪು, ಅರ್ಧ ಬಣ್ಣ ಹಚ್ಚಿದ ಕಪ್ಪು.

“ಸಾರ್, ಕೂದಲೂ ಕೊಳೆತಿಲ್ಲ!” ಹುಡುಗಿ ಕುಣಿದಳು. “ಯಾರ ಕೂದಲು ಸಾರ್?”

“ನಂದೇ, ಮಗು.”

ಪ್ರಯೋಗ ಗೆದ್ದಿತೆಂದು ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು.

ಸಂಜೆ ಕೆಸರು ಮೆತ್ತಿಕೊಂಡು ಮನೆಗೆ ಬಂದ ತಮ್ಮನನ್ನು ಕಂಡು ಅಕ್ಕ ಹಣೆ ಚಚ್ಚಿಕೊಂಡಳು. ಮೇಷ್ಟ್ರು ಬಾಚಣಿಗೆಯನ್ನು ಮೇಜಿನ ಮೇಲಿಟ್ಟು, ಅದುವರೆಗೆ ಯಾರಿಗೂ ಹೇಳದ್ದನ್ನೆಲ್ಲ ಹೇಳಿ ಮುಗಿಸಿದರು. ಅಕ್ಕ ಮೆಲ್ಲಗೆ ಕುರ್ಚಿಯಲ್ಲಿ ಕೂತಳು.

“ಮೊದ್ಲೇ ಬಾಯಿಬಿಟ್ಟು ಹೇಳಬಾರ್ದಿತ್ತೇನೋ? ಅವಳ ಬಾಚಣಿಗೆ ಆಸ್ಪತ್ರೆಯಿಂದ ತಂದ ಚೀಲದಲ್ಲೇ ಇತ್ತಲ್ಲೋ.”

ಮೇಷ್ಟ್ರು ಎದ್ದು ನಿಂತರು. “ಎಲ್ಲಿದೆ ಈಗ?”

“ಹಳೇ ಪ್ಲಾಸ್ಟಿಕ್ ಏನಿದ್ರೂ ಕೊಡಕ್ಕಾ, ಕರಗಿಸಿ ಹೊಸದು ಮಾಡ್ತಾರೆ, ಮಕ್ಕಳಿಗೆ ತೋರಿಸ್ಬೇಕು ಅಂತ ನೀನು ಚೀಲ ಹಿಡ್ಕೊಂಡು ನಿಂತಿದ್ದೆ ನೋಡು, ಅದಕ್ಕೆ ಹಾಕ್ದೆ. ನೀನೇ ಹೊತ್ಕೊಂಡು ಹೋದೆ.”

ಮೇಷ್ಟ್ರು ಮೇಜಿನ ಮೇಲಿದ್ದ ಬಾಚಣಿಗೆಯನ್ನು ಕೈಗೆತ್ತಿಕೊಂಡರು.

“ಅದ್ರಲ್ಲಿ ಕೂದಲಿತ್ತಾ ಅಕ್ಕಾ?”

“ಬೇಕಾದಷ್ಟಿತ್ತು.” ಅಕ್ಕನ ಕಣ್ಣು ತುಂಬಿತು. “ಎಲ್ಲಾ ಬಿಡಿಸಿ ತೆಗೆದು, ಸೋಪು ಹಾಕಿ ಉಜ್ಜಿ ಉಜ್ಜಿ ತೊಳೆದೆ ಕಣೋ. ತೊಳೀದೆ ಹಾಕ್ಬೇಡ ಅಂತ ನೀನೇ ಹೇಳಿದ್ದೆಯಲ್ಲ.”