ಮೆಲ್ಲಗೆ ಅಲ್ಲಾಡಿಸಿದ ಕಾಯಿ

ಆ ಬೆಳಿಗ್ಗೆ ಹೊನ್ನವಳ್ಳಿಯ ಮೇಲೆ ಮಂಜು ಹಾಲಿನ ಕೆನೆಯಂತೆ ಕಟ್ಟಿತ್ತು. ತೆಂಗಿನ ಸುಳಿಗಳಷ್ಟೇ ಮೇಲೆ ತೇಲುತ್ತಿದ್ದವು. ಅಂಥ ಮಂಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು ಜ್ಞಾನೇಶ್ ಪಕ್ಕದ ಮನೆಯ ಕೊಲ್ಲಾಪುರಮ್ಮನ ಬಾಗಿಲಲ್ಲಿ ನಿಂತಿದ್ದರು. ಅಂದು ತಿಪಟೂರಿನ ಕಾಲೇಜೊಂದರಲ್ಲಿ ಅವರ ಉಪನ್ಯಾಸ. ತೋರಿಸಲು ಅಟ್ಟದಲ್ಲಿ ಒಣಗಿದ ಕಾಯಿ ಬೇಕಿತ್ತು. ಆಕೆಯ ಅಟ್ಟದಲ್ಲಿ ಉಳಿದಿದ್ದುದು ಒಂದೇ, ಅದೂ ರಂಗನಾಥಸ್ವಾಮಿಯ ಹರಕೆಯದು.

"ಸಂಜೆಗೆ ತಂದ್ಕೊಡಪ್ಪ. ಸ್ವಾಮಿಗೆ ಇಡೀ ಉಂಡೆ ಕೊಬ್ಬರೀನೇ ಒಪ್ಪುಸ್ಬೇಕು. ಒಡಕು ಆಗಕಿಲ್ಲ."

ಬಸ್ಸಿನಲ್ಲಿ ಮೇಷ್ಟ್ರು ಅಕ್ಕಪಕ್ಕದವರಿಗೆ ಹೆಮ್ಮೆಯಿಂದ ವಿವರಿಸಿದರು. ಒಳಗೆ ಒಣಗಿದೆಯೇ ಎಂದು ಒಡೆದು ನೋಡಿದರೆ ಕಾಯಿ ಇಡಿಯಾಗಿ ಉಳಿಯದು. ಕ್ವಾಂಟಂ ಕಣವೂ ಹಾಗೆಯೇ. ಎಲ್ಲಿದೆ ಎಂದು ಗಟ್ಟಿಯಾಗಿ ಅಳೆದರೆ ವೇಗದ ಲೆಕ್ಕ ಕದಡುತ್ತದೆ. ಆದ್ದರಿಂದ ಮೆಲ್ಲಗೆ, ಅರೆಬರೆ ಅಳೆದು, ಬಹಳ ಸಲದ ಸರಾಸರಿ ತೆಗೆಯಬೇಕು.

ತೆಂಗಿನ ಸೀಮೆಯವರು ಕಾಯಿ ಕಂಡರೆ ಒಣಗಿದ ಉಂಡೆಯ ಗಡಗಡ ಕೇಳಲು ಕಿವಿಗೆ ಹಿಡಿಯದೆ ಬಿಡುವರೇ? ಕಂಡಕ್ಟರ್ ರಾಜಣ್ಣ ಅಲ್ಲಾಡಿಸಿ, ಒಣಗಿದೆ ಎಂದ. ಮುಂದಿನ ಸೀಟಿನ ಗಂಗಾಧರಯ್ಯ ಕಿತ್ತುಕೊಂಡು ಅಲ್ಲಾಡಿಸಿದರು. "ಇನ್ನೂ ನೀರೈತೆ ಕಣ್ಲಾ. ನಿನ್ನ ಕಿವೀಲಿ ವಿಷಲ್ ಸಿಕ್ಕಾಕೊಂಡೈತೆ."

ಕಾಯಿ ಹಸುಗೂಸಿನಂತೆ ಮಡಿಲಿಂದ ಮಡಿಲಿಗೆ ಹೋಯಿತು. ಮೇಷ್ಟ್ರು ಒಂದೊಂದು ಅಭಿಪ್ರಾಯವನ್ನೂ ಬರೆದುಕೊಂಡರು. ಕಾಲೇಜಿನ ಸಭೆಯಲ್ಲೂ ಸಾಲುಸಾಲಾಗಿ ಅಲ್ಲಾಡಿಸಿದರು. ಒಟ್ಟು ಮುನ್ನೂರು ಕೈ.

"ಒಣಗಿದೆ," ಎಂದು ಮೇಷ್ಟ್ರು ಸರಾಸರಿ ಸಾರಿದರು. "ಇಡಿಯಾಗಿಯೂ ಇದೆ."

ಚಪ್ಪಾಳೆ ಬಿತ್ತು. ಶಾಲು ಹೊದಿಸಿ, ತಟ್ಟೆಯಲ್ಲಿ ದೊಡ್ಡ ಉಂಡೆ ಕೊಬ್ಬರಿಯಿಟ್ಟು ಸನ್ಮಾನಿಸಿದರು. ಮೇಷ್ಟ್ರು ಆ ಉಂಡೆಯನ್ನು ಗಾಜಿನ ಬೀರುವಿನಲ್ಲಿಡಬೇಕೆಂದು ಶಾಲಿನಲ್ಲಿ ಸುತ್ತಿ ದಾರಿಯುದ್ದಕ್ಕೂ ಎದೆಗವಚಿಕೊಂಡು ಬಂದರು.

ಸಂಜೆ ಕೊಲ್ಲಾಪುರಮ್ಮ ಕಾಯಿಯನ್ನು ಒಂದೇ ಸಲ ಕಿವಿಯ ಬಳಿ ಆಡಿಸಿದಳು. ಮುಖ ಸಣ್ಣಗಾಯಿತು. ಕರಟ ಬಿಡಿಸಿದಾಗ ಕೊಬ್ಬರಿ ಚೆನ್ನಾಗಿಯೇ ಒಣಗಿತ್ತು. ಆದರೆ ನಡುವೆ ಒಡೆದು ಎರಡು ಹೋಳಾಗಿತ್ತು.

"ಯಾರೂ ಗಟ್ಟಿಯಾಗಿ ಅಲ್ಲಾಡಿಸಲಿಲ್ಲ, ಅಮ್ಮ," ಎಂದರು ಮೇಷ್ಟ್ರು.

ಅವಳು ಬಯ್ಯಲಿಲ್ಲ. "ಒಂದೇ ಕಾಯಿ ಮುನ್ನೂರು ಸಲ ಯಾಕಪ್ಪ? ಊರ್ತುಂಬ ಅಟ್ಟ ಅವೆ. ಮುನ್ನೂರು ಕಾಯಿ ಇಸ್ಕೊಂಡು ಒಂದೊಂದ್ಸಲ ಅಲ್ಲಾಡ್ಸಿದ್ರೆ ಆಗ್ತಿತ್ತಲ್ಲ."

ಮೇಷ್ಟ್ರ ಪಾಠದ ಪುಸ್ತಕದ ಮೂರನೆಯ ಪುಟದಲ್ಲಿ ಕಣಗಳ ಬಗ್ಗೆ ಇದ್ದುದೂ ಇದೇ ಮಾತು. ಮಕ್ಕಳಿಗೆ ಹತ್ತು ವರ್ಷ ಓದಿ ಹೇಳಿದ್ದರು.

ಅವರು ಶಾಲಿನ ಮಡಿಕೆ ಬಿಡಿಸಿ, ಸನ್ಮಾನದ ಉಂಡೆಯನ್ನು ಎರಡು ಕೈಯಲ್ಲಿ ಹಿಡಿದು, ಅಲ್ಲಾಡದಂತೆ ಅವಳ ಸೆರಗಿಗೆ ಹಾಕಿದರು.