ಸೀರಿ ಮ್ಯಾಲಿನ ಐದು ಬೆರಳು

ವಿಜ್ಞಾನ ಪಾಠ ಮಾಡೋರನ್ನ ಕಂಡ್ರ ದೆವ್ವಕ್ಕೂ ಸಿಟ್ಟೋ ಏನೋ, ನಾ ಯಾವ ಮನಿ ಬಾಡಿಗಿ ಹಿಡಿದ್ರೂ ಅಲ್ಲೇ ಬಂದು ಕಾಡ್ತೈತಿ. ಮಸ್ಕಿಯೊಳಗ ನಾ ಇರೂದು ಮ್ಯಾಲಿನ ಖೋಲ್ಯಾಗ. ಕೆಳಗ ಮನಿ ಮಾಲಕಿ ಅಮ್ಮ, ಅಕಿ ಮಗ, ಗುರುಗುಂಟಾದಿಂದ ಹೊಸದಾಗಿ ಬಂದ ಸೊಸಿ. ಮಗ ಮುಂಜಾನೆ ಲಿಂಗಸುಗೂರ ಬಸ್ ಹತ್ತಿದ್ರ ಸಂಜೀಗೆ ಬರಾಂವ. ಬ್ಯಾಸಗಿ ಸೂಟ್ಯಾಗ ಹಗಲೆಲ್ಲ ನಾವು ಮೂರು ಹೆಂಗಸ್ರು, ಮತ್ತ ಅದು.

೧. ಉಸಿರಾಡೋ ಡಬ್ಬಿ

ಮಟಮಟ ಮಧ್ಯಾಹ್ನ. ಕರೆಂಟಿಲ್ಲ. ಓಣ್ಯಾಗ ನಾಯಿ ಸುದ್ದಾ ಮಿಸುಕವಲ್ದು. ಕೆಳಗಿನಿಂದ ಅಮ್ಮ ಸಣ್ಣ ದನಿಯಾಗ ಕರದ್ಲು: "ಟೀಚರಮ್ಮ, ಕತ್ತಲಖೋಲ್ಯಾಗ ಯಾರೋ ಉಸಿರಾಡಾಕತ್ತಾರ ರೀ."

ಕೆಳಗಿಳಿದು ಕಿವಿಗೊಟ್ಟೆ. ಖರೇನ. ಫುಸ್... ಸುಮ್ಮ. ಫುಸ್... ಮೈಮ್ಯಾಲಿನ ಕೂದಲು ನೆಟ್ಟಗಾದ್ವು. ಅಷ್ಟ್ರಾಗ ಟಣ್ ಅಂತ ಏನೋ ಹಾರಿ ಬಿತ್ತು. ಅಮ್ಮ ನನ್ನ ಹಿಂದ, ನಾ ಬಾಗಿಲ ಹಿಂದ.

ಸೊಸಿ ಓಡಿ ಬಂದು, "ಅಯ್ಯ, ನನ್ನ ಇಡ್ಲಿ ಹಿಟ್ಟು!" ಅಂದ್ಲು. ಅತ್ತೀಗೆ ಹೇಳದಂಗ ಇಡ್ಲಿ ಮಾಡಿ ಖುಷಿ ಪಡಿಸಬೇಕಂತ ಹಿಟ್ಟನ್ನ ಬಿಗಿ ಮುಚ್ಚಳದ ಡಬ್ಬ್ಯಾಗ ಬಚ್ಚಿಟ್ಟಿದ್ಲು. ಹುಳಿ ಬಂದು, ಗಾಳಿ ತುಂಬಿ, ಮುಚ್ಚಳ ಹಾರಿತ್ತು. "ಹಿಟ್ಟಿನ್ಯಾಗ ಕಣ್ಣಿಗೆ ಕಾಣದ ಜೀವ ಇರ್ತಾವ ರೀ, ಅವೇ ಗಾಳಿ ಬಿಡ್ತಾವ," ಅಂತ ನಾ ತಿಳಿಸಿ ಹೇಳಿದೆ.

ಅಮ್ಮ ಸೊಸಿ ಮಾರಿ ನೋಡಿ ಅಂದ್ಲು: "ಕೇಳಿದೇನಬೇ? ಕಣ್ಣಿಗೆ ಕಾಣದ್ದು ಐತಿ ಅಂತ ಟೀಚರಮ್ಮನೂ ಹೇಳಾಕತ್ತಾರ!"

೨. ಬಾಯಾಗಿಂದ ಹೋದದ್ದು

ಮಗ ಸಿಂಧನೂರಿಂದ ತಂದ ಮಿರ್ಚಿ ಭಜಿ ಪೊಟ್ಟಣಾನ ಅಮ್ಮ ಒಬ್ಬಾಕೀನ ಮುಗಿಸಿದ್ಲು. ಮರುದಿನ ಎದಿ ಹಿಡ್ಕೊಂಡು, "ಒಳಗ ಯಾರೋ ಬೆಂಕಿ ಹಚ್ಯಾರ," ಅಂತ ನರಳಾಕತ್ತಿದ್ಲು. ಹೊಟ್ಟ್ಯಾಗಿನ ಆಮ್ಲ ಮ್ಯಾಲೆ ಬಂದೈತಿ ಅಂದೆ. ಅಡಗಿ ಸೋಡಾ ಒಂದು ಚಿಟಿಕಿ ನೀರಿಗೆ ಹಾಕಿ ಕುಡಿಸಿದೆ. ಆಮ್ಲ, ಸೋಡಾ ಎರಡೂ ಕೂಡಿದ್ರ ಗಾಳಿ ಏಳ್ತೈತಿ. ಎದ್ದದ್ದು ಎಂಥಾ ತೇಗು ಅಂತೀರಿ! ಗ್ವಾಡಿ ಮ್ಯಾಲಿನ ಹಲ್ಲಿ ಓಡಿಹೋತು.

ಅಮ್ಮ ಹಣಿ ಬೆವರು ಒರಸ್ಕೊಂಡ್ಲು. "ಹೋತ್ ನೋಡ್ರಿ, ಬಾಯಾಗಿಂದಾನ ಹೋತು! ಗುರುಗುಂಟಾದ್ದ ಅದು, ಇಕಿ ಸಂಗಾಟ ಬಂದೈತಿ. ಇನ್ನೊಂದು ಸಲ ಕಾಣ್ಲಿ, ಇಕೀನ್ನ ತವರಿನ ಬಸ್ ಹತ್ತಿಸ್ತೀನಿ."

ಸೊಸಿ ಕಣ್ಣಾಗ ನೀರು ತಂದ್ಲು. ನಂಗ ನಗಿ ನಿಂತುಹೋತು.

೩. ಐದು ಬೆರಳು

ಶುಕ್ರವಾರ ಸೊಸಿ ಅತ್ತಿಯ ತಿಳಿ ಬಣ್ಣದ ಸೀರಿ ಸೋಪಿನ ನೀರಾಗ ನೆನಸಿ ಎತ್ತಿದ್ಲು. ಹಿಂದ, ಸೊಂಟದ ಹತ್ರ, ಐದು ಬೆರಳು ಮೂಡಿದ್ವು. ರಕ್ತದಂಗ ಕೆಂಪು. ನೀರು ತೊಟ್ಟಿಕ್ಕಿದಂಗೆಲ್ಲ ಬೆರಳು ಉದ್ದಾಗಾಕತ್ತಿದ್ವು. ನಾ ಸುದ್ದಾ ಒಂದು ಹೆಜ್ಜಿ ಹಿಂದ ಸರದೆ.

ಅಮ್ಮ ಒಳಗ್ಹೋಗಿ ಸೊಸಿಯ ಚೀಲ ತಂದು ಹೊಸ್ತಿಲದಾಗಿಟ್ಲು.

ಆವಾಗ ಅಮ್ಮನ ಹಳದಿ ಕೈ ನೋಡಿದೆ. ಶುಕ್ರವಾರ ಶುಕ್ರವಾರ ಗಲ್ಲಕ್ಕ, ಕಾಲಿಗೆ ಅರಿಶಿಣ ಹಚ್ಕೊಂಡು ಸೊಂಟಕ್ಕ ಕೈ ಒರಸೋ ಚಟ ಅಕೀದು. ಅರಿಶಿಣಕ್ಕ ಸೋಪಿನ ಕ್ಷಾರ ತಾಗಿದ್ರ ಕೆಂಪಾಗ್ತೈತಿ. "ನೀವು ದೃಷ್ಟಿ ತೆಗ್ಯಾಕ ಅರಿಶಿಣಕ್ಕ ಸುಣ್ಣ ಹಾಕಿ ಕೆಂಪು ನೀರು ಮಾಡೂದಿಲ್ಲೇನ್ರಿ? ಇದೂ ಹಂಗ," ಅಂದೆ.

"ಅದು ದೇವರದು, ಇದು ದೆವ್ವದ್ದು," ಅಂದ್ಲು ಅಮ್ಮ.

ಸಿಟ್ಟು ನೆತ್ತಿಗೇರ್ತು. ಅಡಗಿಮನ್ಯಾಗಿನ ನಿಂಬಿಹಣ್ಣು ತಂದು ಬೆರಳಿನ ಮ್ಯಾಲೆ ಹಿಂಡಿದೆ. ನೋಡ್ ನೋಡೂದ್ರಾಗ ಕೆಂಪು ಹೋಗಿ ಹಳದಿ ಆತು.

"ಹೋತು! ನಿಂಬಿಹಣ್ಣಿಗೆ ಅಂಜಿ ಹೋತು!" ಅಂತ ಅಮ್ಮ ಕೈ ಮುಗದ್ಲು.

"ದೆವ್ವಲ್ರಿ ಅಮ್ಮ, ಹುಳಿ..." ಅನ್ನೂದ್ರಾಗ ಸೊಸಿ ನನ್ನ ರಟ್ಟಿ ಹಿಡದು ಕಿವ್ಯಾಗ ಅಂದ್ಲು: "ಸುಮ್ನಿರ್ರಿ ಟೀಚರ್. ಹೋತು ಅಂದ್ರ ಹೋತು." ಚೀಲ ತಾನ ಒಳಗೊಯ್ದ್ಲು.

ಆದ್ರ ಅಮ್ಮಗ ಅಳುಕು ಹೋಗ್ಲಿಲ್ಲ. "ಇನ್ಮ್ಯಾಲೆ ನನ್ನ ಸೀರಿ ನಾನ ಒಕ್ಕೋತೀನಿ, ಇಕಿ ಮುಟ್ಟೂದು ಬ್ಯಾಡ," ಅಂದ್ಲು. ಸೊಸಿ ಬ್ಯಾಡ ಅನ್ಲಿಲ್ಲ.

ಮುಂದಿನ ಶುಕ್ರವಾರ ನನ್ನ ಬಾಗಿಲ ಮೆಲ್ಲಕ ಬಡದ ಸಪ್ಪಳ. ಅಮ್ಮ ನಿಂತಿದ್ಲು. ಮಾರಿಯಾಗ ರಕ್ತಿಲ್ಲ, ಸೆರಗಿನ ಕೆಳಗ ಹಸಿ ಸೀರಿ, ಅದರ ಮ್ಯಾಲೆ ಐದು ಕೆಂಪು ಬೆರಳು.

"ಟೀಚರಮ್ಮ, ಇದು ಗುರುಗುಂಟಾದ್ದಲ್ರಿ. ನನ್ನ ತವರಿಂದು, ಪಾಮನಕಲ್ಲೂರಿಂದು. ಲಗೂನ ಒಂದು ನಿಂಬಿಹಣ್ಣು ಹಿಂಡ್ರಿ. ಸೊಸೀಗೆ ಮಾತ್ರ ಹೇಳಬ್ಯಾಡ್ರಿ, ನನ್ನ ಬಸ್ ಹತ್ತಿಸಿಬಿಟ್ಟಾಳು!"